ಎಣ್ಣೆ ತಾನಾಗಿ ಏರುವುದಿಲ್ಲ

ಆ ಮನೆಯಲ್ಲಿ ಬೆಳಗಿನ ಚಹಾಕ್ಕಿಂತ ಮುಂಚೆ ಒಂದು ಕೆಲಸ ನಡೆಯಲೇಬೇಕಿತ್ತು. ಮಾವ ಅಂಗಳಕ್ಕೆ ಇಳಿದು, ಪಿಕಪ್ ಗಾಡಿಯ ಬಾನೆಟ್ ಎತ್ತಿ, ಎಂಜಿನ್ನಿನ ಎಣ್ಣೆಕಡ್ಡಿ ಎಳೆದು, ಚಿಂದಿಯಿಂದ ಒರೆಸಿ, ಮತ್ತೆ ಅದ್ದಿ ತೆಗೆದು, ಬೆಳಕಿಗೆ ಹಿಡಿದು ನೋಡಬೇಕು. ಕಡ್ಡಿಯ ತುದಿಯಲ್ಲಿ ಎರಡು ಗೀಟು. ಎಣ್ಣೆ ಕೆಳಗಿನ ಗೀಟಿಗಿಂತ ಇಳಿಯಬಾರದು, ಮೇಲಿನ ಗೀಟು ದಾಟಬಾರದು. ಅವರು ನೋಡಿ ತಲೆಯಾಡಿಸಿದ ಮೇಲೆಯೇ ಮಗ ಕೀಲಿ ತಿರುಗಿಸುವುದು. ಮೂವತ್ತೆಂಟು ವರ್ಷ ಲಾರಿ ಓಡಿಸಿದ ಮನುಷ್ಯ ಅವರು. ಎಂಜಿನ್ ಕೆಟ್ಟು ನಡುದಾರಿಯಲ್ಲಿ ಒಂದು ದಿನವೂ ನಿಂತವರಲ್ಲ. ಬೀದಿಯವರೆಲ್ಲ ಅವರನ್ನು ಕಡ್ಡಿ ತಾತ ಅಂತಲೇ ಕರೆಯುತ್ತಿದ್ದರು. ಮಾತೂ ಹಾಗೇ, ಕಡ್ಡಿ ತುಂಡು ಮಾಡಿದ ಹಾಗೆ.

ಒರೆಸಿದ ಚಿಂದಿ ಒಗೆಯುವುದು ಸೊಸೆಯ ಪಾಲಿಗೆ ಬಂದ ಕೆಲಸ. ಮದುವೆಯಾಗಿ ಬಂದ ಹೊಸತರಲ್ಲಿ, ಮಾವ ಇನ್ನೂ ಲಾರಿ ಓಡಿಸುತ್ತಿದ್ದಾಗ, ಅವಳಿಗೆ ಅದನ್ನು ಮುಟ್ಟುವುದಕ್ಕೇ ಹೇಸಿಗೆ. ಕುದಿಯುವ ನೀರಿಗೆ ಸೋಡಾ ಹಾಕಿ, ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೋಳು ಸೋತರೂ ಆ ಜಿಡ್ಡು ಬಿಡುತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಅಭ್ಯಾಸವಾಯಿತು. ಯಾವ ಅಭ್ಯಾಸ ತಾನೇ ಆಗುವುದಿಲ್ಲ ಹೇಳಿ, ಸೊಸೆಯಾದವಳಿಗೆ.

ಈ ಪಿಕಪ್ ಗಾಡಿ ಬಂದು ಎರಡು ವರ್ಷವಾಗಿತ್ತು. ದೊಡ್ಡ ಡೀಸೆಲ್ ಎಂಜಿನ್, ಹಿಂದೆ ಟ್ರೇಲರ್. ಗುಡ್ಡದ ಮೇಲಿನ ಕಾರ್ಖಾನೆಯಲ್ಲಿ ಪಾಲಿಶ್ ಮಾಡಿದ ಕಲ್ಲಿನ ಹಲಗೆಗಳನ್ನು ಹೇರಿಕೊಂಡು ಇಳಿಜಾರು ಇಳಿದು ಬಂದು, ಹೊಸ ಮನೆಗಳ ಅಡುಗೆಕಟ್ಟೆಗೆ ತಲುಪಿಸುವುದು ಗಂಡನ ಕೆಲಸ. ಓಡಿಸುವವನು ಮಗನಾದರೂ ಗಾಡಿ ಇದ್ದದ್ದು ಮಾವನ ಹೆಸರಿನಲ್ಲಿ. ಒಂದು ಸಲಕ್ಕೆ ಎಂಟು ಹಲಗೆ, ಅದಕ್ಕಿಂತ ಒಂದು ಹೆಚ್ಚಾದರೂ ಗಾಡಿ ಅಂಗಳ ಬಿಡುವುದಿಲ್ಲ ಅನ್ನುವುದು ಅವರ ಕಟ್ಟಪ್ಪಣೆ. ಮಗನಿಗೆ ಅದು ಗಂಟಲಿಗೆ ಸಿಕ್ಕ ಮುಳ್ಳು.

ಅತ್ತೆಯ ಅಪ್ಪಣೆ ಬೇರೆ. ಅವರು ಬಟ್ಟೆ ಒಣಗಿಸುವ ತಂತಿ ಗೇಟಿನ ಪಕ್ಕದಲ್ಲೇ ಇತ್ತು. ಸಂಜೆ ಗಾಡಿ ಮನೆಗೆ ಬಂದಾಗ ಒಂದೊಂದು ದಿನ ಎಂಜಿನ್ ತಾನೇ ತಾನಾಗಿ ಜೋರು ಮಾಡಿಕೊಂಡು, ಏನೋ ಸುಟ್ಟ ವಾಸನೆ ಬಿಡುತ್ತಿತ್ತು. ಮೀಟರಿನ ಹತ್ತಿರ ಒಂದು ಹಳದಿ ದೀಪವೂ ಹತ್ತುತ್ತಿತ್ತು. ಅತ್ತೆ ಒಳಗಿಂದಲೇ ಕೂಗುವರು, ಒಗೆದ ಬಟ್ಟೆಗೆಲ್ಲ ನಾತ ಹಿಡಿಯುತ್ತದೆ, ಮೊದಲು ಅದರ ಬಾಯಿ ಮುಚ್ಚಿಸು ಅಂತ. ಮಗ ತಕ್ಷಣ ಆಫ್ ಮಾಡುವನು. ಗಾಡಿಯ ಜೊತೆ ಕೊಟ್ಟ ದಪ್ಪ ಪುಸ್ತಕ ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಬಿದ್ದಿತ್ತು.

ಒಂದು ಬೆಳಿಗ್ಗೆ ಮಾವ ಕಡ್ಡಿ ಎತ್ತಿದವರು ಹಾಗೇ ನಿಂತುಬಿಟ್ಟರು. ಎಣ್ಣೆ ಮೇಲಿನ ಗೀಟನ್ನು ದಾಟಿ ಬೆರಳಗಲ ಏರಿತ್ತು. ಒರೆಸಿ ಮತ್ತೆ ಅದ್ದಿದರು. ಅಷ್ಟೇ ಇತ್ತು. ಕಡ್ಡಿ ಕೈಯಲ್ಲೇ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು, ಎಣ್ಣೆ ಹಾಕಿದ್ದು ಯಾರು ಅಂತ ಕೇಳಿದರು. ಬ್ರೆಡ್ಡು ಅಗಿಯುತ್ತಿದ್ದ ಮಗ ತಾನಲ್ಲ ಅಂದ. ಸೊಸೆ ತಾನೇಕೆ ಹಾಕಲಿ ಅಂದಳು. ಎಂಟು ವರ್ಷದ ಮೊಮ್ಮಗಳು ಪುಟ್ಟಿಯನ್ನೂ ಬಿಡಲಿಲ್ಲ. ಅವಳು, ಎಣ್ಣೆ ಎಲ್ಲಿಂದ ಹಾಕುತ್ತಾರೆ ತಾತ, ನನಗೂ ತೋರಿಸು ಅಂತ ಗಂಟುಬಿದ್ದಳು.

"ಎಣ್ಣೆ ತಾನಾಗಿ ಏರಲ್ಲ," ಅಂದರು ಮಾವ. "ಎಂಜಿನ್ನು ಎಣ್ಣೆ ಕುಡಿಯುತ್ತೆ, ಇಲ್ಲ ಸೋರಿಸುತ್ತೆ. ಹೆತ್ತು ಕೊಡಲ್ಲ. ಯಾರೋ ಒಬ್ಬರು ಹಾಕಿದ್ದೀರ. ಹಾಕಿದ್ರೆ ಹಾಕಿದೆ ಅನ್ನಿ, ನಾನೇನು ತಲೆ ತೆಗೀತೀನಾ?"

ಆಡಿದವರು ಅವರೇ ನೋಡಿ. ಮುಂದೆ ಅದೇ ಮಾತು ತಿರುಗಿ ಬಂದು ಅವರ ಕೊರಳಿಗೇ ಸುತ್ತಿಕೊಂಡಿತು.

ಹೆಚ್ಚಾದದ್ದನ್ನು ಬಸಿದರು. ಎಂಟೇ ದಿನಕ್ಕೆ ಮತ್ತೆ ಬೆರಳಗಲ ಏರಿತು. ಈ ಸಲ ಮಾವ ದಿನವಿಡೀ ಗೊಣಗಿದರು. ಸಂಜೆ ಊಟಕ್ಕೆ ಕೂತಾಗ ಅನ್ನಕ್ಕೆ ಕೈ ಹಾಕದೆ, ಈ ಮನೆಯಲ್ಲಿ ಸುಳ್ಳು ಹೇಳುವವರು ಇದ್ದಾರೆ ಅಂದರು. ಮಗನಿಗೆ ರೇಗಿತು.

"ಅಪ್ಪ, ಎಣ್ಣೆ ಡಬ್ಬ ಎಲ್ಲಿರುತ್ತೆ?"

"ಮೆಟ್ಟಿಲ ಕೆಳಗಿನ ಗೂಡಲ್ಲಿ."

"ಅದರ ಬೀಗದ ಕೈ?"

ಮಾವ ತಮ್ಮ ಸೊಂಟದ ಬೆಲ್ಟು ಮುಟ್ಟಿ ನೋಡಿಕೊಂಡರು. ಬೀಗದ ಕೈ ಅಲ್ಲೇ ಇತ್ತು, ಎರಡು ವರ್ಷದಿಂದ ಅಲ್ಲೇ ಇತ್ತು. ಆಲೂಗಡ್ಡೆ ಪಲ್ಯ ಬಡಿಸುತ್ತಿದ್ದ ಅತ್ತೆ ಸೌಟು ಪಾತ್ರೆಯಲ್ಲೇ ಬಿಟ್ಟು ಗಂಡನ ಮುಖ ನೋಡಿದರು.

"ಮೊನ್ನೆ ಹಾಲು ಒಲೆ ಮೇಲಿಟ್ಟು ಮರೆತ್ರಲ್ಲ," ಅಂದರು ಮೆಲ್ಲಗೆ.

ಅಲ್ಲಿಂದ ಶುರುವಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಬನಿಯನ್ನು ತಿರುವಿ ಹಾಕಿಕೊಂಡದ್ದು, ಕುಸಿದ ಸೇತುವೆಯ ಕಥೆಯನ್ನು ಒಂದೇ ದಿನ ಎರಡು ಸಲ ಹೇಳಿದ್ದು, ಅಂಗಡಿಯಲ್ಲಿ ಛತ್ರಿ ಬಿಟ್ಟು ಬಂದದ್ದು, ಇಷ್ಟು ದಿನ ಯಾರೂ ಲೆಕ್ಕಕ್ಕೆ ಹಿಡಿಯದ ಸಂಗತಿಗಳೆಲ್ಲ ಸಾಲಾಗಿ ಎದ್ದು ನಿಂತವು. ಛತ್ರಿಯನ್ನು ಸೊಸೆಯೂ ಎರಡು ಸಲ ಬಿಟ್ಟು ಬಂದಿದ್ದಳು. ಆದರೆ ಅವಳಿಗೆ ಅರವತ್ತೊಂಬತ್ತು ವಯಸ್ಸಾಗಿರಲಿಲ್ಲ.

ಮಗ ಬೀಗದ ಕೈ ಇಸಿದುಕೊಂಡ. ಮಾವ ಬೆಲ್ಟಿನಿಂದ ಬಿಡಿಸಿ ಕೊಡುವಾಗ, ತೊಗೋ, ಕಳ್ಳ ಯಾರು ಅಂತ ಈಗ ನಿನಗೇ ಗೊತ್ತಾಗುತ್ತೆ ಅಂದರು. ಆಗ ಇನ್ನೂ ಗತ್ತಿತ್ತು. ಮುಂದಿನ ವಾರವೂ ಎಣ್ಣೆ ಏರಿತು. ಅತ್ತೆ ಗಂಡನ ಕೋಣೆಗೆ ನುಗ್ಗಿ ಮಂಚದ ಕೆಳಗೆ, ಟ್ರಂಕಿನಲ್ಲಿ, ದಿಂಬಿನಡಿ ಎಲ್ಲ ಜಾಲಾಡಿದರು. ಮಂಚದ ಮೂಲೆಯಲ್ಲಿ ಒಂದು ಬಾಟ್ಲಿ ಸಿಕ್ಕಿತು. ಅರ್ಧದಷ್ಟು ಎಂಜಿನ್ ಎಣ್ಣೆ.

"ಅದು ಬಾಗಿಲಿನ ಕೀಲುಗಳಿಗೆ ಬಿಡೋಕೆ ಇಟ್ಟಿದ್ದು," ಅಂದರು ಮಾವ.

"ಬಾಟ್ಲಿ ಅರ್ಧ ಖಾಲಿಯಾಗೋಷ್ಟು ಬಾಗಿಲು ಈ ಮನೇಲಿ ಎಲ್ಲಿದೆ ರೀ?"

ಮಾವ ಮಂಚದ ಮೇಲೆ ಕೂತರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಸೊಸೆಗೆ ಅವರ ಮುಖ ಕಾಣುತ್ತಿತ್ತು. ಬಾಟ್ಲಿ ಇಸಿದುಕೊಂಡು, ಎಣ್ಣೆಕಡ್ಡಿಯ ಹಾಗೆ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, "ಹಾಕಿದ್ದೆನೇನೋ," ಅಂದರು. "ಎಣ್ಣೆ ತಾನಾಗಿ ಏರಲ್ಲ. ನೀವ್ಯಾರೂ ಹಾಕಿಲ್ಲ ಅಂದ್ರೆ ನಾನೇ ಹಾಕಿರಬೇಕು." ಆ ದನಿಯನ್ನು ಅವಳು ಮುಂಚೆ ಕೇಳಿರಲಿಲ್ಲ. ಅವಳಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದರ ಜೊತೆಗೇ, ಇಂಥವರ ಕೈಗೆ ಪುಟ್ಟಿಯನ್ನು ಕೊಟ್ಟು ದಿನಾ ಎರಡು ರಸ್ತೆ ದಾಟಿಸುತ್ತಿದ್ದೆನಲ್ಲ ಅನ್ನುವ ಹೆದರಿಕೆಯೂ ಆಯಿತು. ಮರುದಿನದಿಂದ ಪುಟ್ಟಿ ತಾತನ ಜೊತೆ ಶಾಲೆಗೆ ನಡೆದು ಹೋಗುವುದು ನಿಂತಿತು. ಅಪ್ಪನ ಗಾಡಿಯಲ್ಲೇ ಹೋಗತೊಡಗಿದಳು.

ಮನೆಯವರು ಹೇಳಿದ್ದು ಕೇಳಿ ಡಾಕ್ಟರು ಮರೆವಿಗೆ ಅಂತ ಒಂದು ಮಾತ್ರೆ ಬರೆದರು. ಅದನ್ನು ನುಂಗಿದರೆ ಬೆಳಿಗ್ಗೆ ಎಂಟರವರೆಗೆ ಮಾವನಿಗೆ ಎಚ್ಚರವಾಗದು, ಎದ್ದ ಮೇಲೂ ಮಾತು ನಿಧಾನ. ಒಂದು ವಾರ ಹವಾ ಬದಲಾಗಲಿ ಅಂತ ಅವರನ್ನು ಮಗಳ ಮನೆಗೆ ಕಳಿಸಿದರು.

ಹೋಗುವ ದಿನ ಗಂಡ ಎಣ್ಣೆಯನ್ನು ಸರಿಯಾಗಿ ಮೇಲಿನ ಗೀಟಿಗೆ ತಂದು ನಿಲ್ಲಿಸಿದ್ದ. ಕಡ್ಡಿ ನೋಡುವ ಕೆಲಸ ಸೊಸೆಯ ತಲೆಗೆ ಬಂತು. ಡಬ್ಬದ ಬೀಗದ ಕೈಯೂ ಅವಳ ಹತ್ತಿರವೇ. ನಾಲ್ಕನೇ ದಿನ ನೋಡುತ್ತಾಳೆ, ಎಣ್ಣೆ ಉಗುರಿನಷ್ಟು ಮೇಲೆ. ತನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡಳು. ಏಳನೇ ದಿನ, ಸೋಮವಾರ, ಬೆರಳಗಲ ಆಗಿತ್ತು.

ಅವಳು ಚಿಂದಿ ಹಿಡಿದು ಬಚ್ಚಲಿಗೆ ಹೋದಳು. ತಣ್ಣೀರಿನಲ್ಲಿ ಎರಡು ಸಲ ಸೋಪು ತಿಕ್ಕಿದ್ದಕ್ಕೇ ಅರ್ಧ ಜಿಡ್ಡು ಬಿಟ್ಟಿತು. ಆಗ ಹೊಳೆಯಿತು, ಈಗೊಂದೆರಡು ತಿಂಗಳಿಂದ ಚಿಂದಿ ಒಗೆಯುವುದು ಸುಲಭವಾಗಿಬಿಟ್ಟಿತ್ತು. ಯಾವುದೋ ಒಳ್ಳೆಯ ಸೋಪು ಅಂತ ಅವಳು ಅಂಗಡಿಯವನನ್ನು ಹೊಗಳಿಯೂ ಇದ್ದಳು. ಮೂಗಿನ ಹತ್ತಿರ ಹಿಡಿದಳು. ಎಣ್ಣೆಯ ವಾಸನೆಯಲ್ಲ, ಡೀಸೆಲ್ ವಾಸನೆ. ಒಂಬತ್ತು ವರ್ಷ ಆ ಚಿಂದಿ ತಿಕ್ಕಿದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ಮೂರು ವಾರ ಮುಂಚೆ ಮೂಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಯಾರೂ ಮೂಸಲಿಲ್ಲ, ಎಲ್ಲರ ಕಣ್ಣೂ ಆ ಮುದುಕನ ಮೇಲಿತ್ತು.

ಗಂಡನನ್ನು ಅಂಗಳಕ್ಕೆ ಕರೆದು ಕಡ್ಡಿ ತೋರಿಸಿದಳು. ಅವನು ಅಲ್ಲೇ ನಿಂತು ಗಾಡಿಯ ವರ್ಕ್‌ಶಾಪಿಗೆ ಫೋನ್ ಮಾಡಿದ. ಆ ಕಡೆಯ ಮೆಕ್ಯಾನಿಕ್ ಮೊದಲು ಕೇಳಿದ್ದೇ, ಹಳದಿ ದೀಪ ಹತ್ತಿದಾಗ ಎಂಜಿನ್ ಆಫ್ ಮಾಡುತ್ತೀರಾ ಅಂತ. ಹೌದು ಅಂದ.

"ಅಲ್ಲೇ ಸಾರ್ ತಪ್ಪಿರೋದು. ಸೈಲೆನ್ಸರಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ. ಅದು ತುಂಬಿದಾಗ ಗಾಡಿನೇ ಹೆಚ್ಚು ಡೀಸೆಲ್ ಬಿಟ್ಟು ಮಸಿ ಸುಡುತ್ತೆ. ನಡುವೆ ಆಫ್ ಮಾಡಿದ್ರೆ ಸುಡದೆ ಉಳಿದ ಡೀಸೆಲ್ಲು ಎಣ್ಣೆಗೆ ಇಳಿಯುತ್ತೆ. ಏರಿರೋದು ಎಣ್ಣೆ ಅಲ್ಲ, ಡೀಸೆಲ್ಲು. ಇವತ್ತೇ ತನ್ನಿ, ಬೇರೆಲ್ಲೂ ಓಡಿಸಬೇಡಿ. ಅತಿಯಾದ್ರೆ ಎಂಜಿನ್ನು ತನ್ನ ಎಣ್ಣೆನೇ ಕುಡಿದು ಓಡೋಕೆ ಶುರು ಮಾಡುತ್ತೆ. ಆಗ ಕೀಲಿ ಕಿತ್ತುಕೊಂಡ್ರೂ ನಿಲ್ಲಲ್ಲ."

ಗಾಡಿ ಎಷ್ಟು ದಿನ ನಿಲ್ಲಿಸಿಕೊಳ್ಳುತ್ತೀರಿ ಅಂತ ಗಂಡ ಕೇಳಿದ. ನಾಲ್ಕು ದಿನ ಅಂತ ಉತ್ತರ ಬಂತು. ಅವನು ಫೋನ್ ಇಟ್ಟು, ಕಡ್ಡಿಯನ್ನು ಅವಳ ಕೈಯಿಂದ ತೆಗೆದುಕೊಂಡು ಅದರ ಜಾಗಕ್ಕೆ ತೂರಿಸಿದ.

ಅವಳಿಗೆ ಅವನ ಮನಸ್ಸು ಗೊತ್ತಿತ್ತು. ಊರಾಚೆ ಮುನ್ನೂರು ಮನೆಗಳ ದೊಡ್ಡ ಕಟ್ಟಡ ಏಳುತ್ತಿತ್ತು. ಅಷ್ಟೂ ಅಡುಗೆಕಟ್ಟೆಯ ಕಲ್ಲು ಸಾಗಿಸುವ ಕೆಲಸ ಕೈಗೆ ಬರುವುದರಲ್ಲಿತ್ತು. ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ಜೊತೆಗೇ ನನ್ನ ಮಾತು ಅಂದಿದ್ದ ಕಂಟ್ರಾಕ್ಟರು. ಮಾವ ಮಾತಿಗೆ ಬಂದರೆ ಎಂಟು ಹಲಗೆಯ ಮೇಲೆ ಒಂದೂ ಹೇರಲು ಬಿಡರು, ಕೆಲಸ ಬೇರೆಯವರ ಪಾಲಾಗುತ್ತದೆ. ಮರೆವು ಬಂದಿದೆ ಅಂತ ಆದ ಮೇಲೆ ಮಾವನೇ, ಗಾಡಿ ನಿನ್ನ ಹೆಸರಿಗೆ ಮಾಡಿಕೋ ಅಂದಿದ್ದರು. ಬುಧವಾರ ಸಹಿ. ಮಾವ ಬರುವುದು ಮಂಗಳವಾರ.

"ಮಾವನಿಗೆ ಹೇಳಿಬಿಡೋಣ ರೀ," ಅಂದಳು.

"ಹೇಳಿದ್ರೆ ಬುಧವಾರ ಸಹಿ ಹಾಕ್ತಾರಾ?"

"ಅವರು ಏನೂ ಮಾಡಿಲ್ಲವಲ್ಲ."

"ಇಲ್ಲ ಅಂತ ನಾನೂ ಹೇಳ್ತಿಲ್ಲ. ಒಂದು ಹತ್ತು ದಿನ ಕಣೇ. ಕೆಲಸ ಶುರುವಾಗಲಿ, ಗಾಡಿ ವರ್ಕ್‌ಶಾಪಿಗೆ ಬಿಡ್ತೀನಿ, ಅಪ್ಪನ ಕಾಲು ಹಿಡಿದು ನಾನೇ ಹೇಳ್ತೀನಿ. ಅಮ್ಮನಿಗೆ ಮಾತ್ರ ಸುಳಿವು ಬಿಡಬೇಡ. ಅವಳ ಬಾಯಲ್ಲಿ ಬೇಳೆಕಾಳು ನೆನೆಯಲ್ಲ."

ಅವಳು ಒಪ್ಪಿದಳು. ಗಂಡನ ಮಾತು ಮೀರಲಾರದೆ ಒಪ್ಪಿದಳು ಅಂದರೆ ಸುಳ್ಳಾಗುತ್ತದೆ. ಆ ಕೆಲಸ ಬಂದರೆ ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸುವ ಮಾತಿತ್ತು. ಅಲ್ಲದೆ ಆ ಏಳು ದಿನ, ಬೆಳಗಾದರೆ ಗೊಣಗಾಟವಿಲ್ಲದ, ಯಾರು ಏನು ಮುಟ್ಟಿದಿರಿ ಅನ್ನುವ ವಿಚಾರಣೆಯಿಲ್ಲದ ಮನೆ ಅವಳಿಗೆ ಹಿತವಾಗಿತ್ತು. ಹಾಗೆ ಹಿತವಾದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಬಾಯಿ ಬಿಡಲಿಲ್ಲ.

ಬುಧವಾರ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ವಾಹನ ನೋಂದಣಿ ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತರು. ಮಾತ್ರೆಯ ಮಂಕು ಇನ್ನೂ ಇಳಿದಿರಲಿಲ್ಲ. ಗುಮಾಸ್ತ ಕಾಗದ ತಿರುವುತ್ತ, ಸ್ವಂತ ಇಚ್ಛೆಯಿಂದ ತಾನೇ ಯಜಮಾನರೇ ಅಂತ ವಾಡಿಕೆಗೆ ಕೇಳಿದ.

"ಹೌದಪ್ಪ. ನನಗೀಗ ಮರೆವು," ಅಂದರು ಮಾವ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ. ಸಾಕ್ಷಿಯ ಜಾಗದಲ್ಲಿ ಸೊಸೆ ಸಹಿ ಹಾಕಿದಳು. ಹೊರಗೆ ಬಂದಾಗ ಮಾವನೇ ಅವಳಿಗೆ, ಬಿಸಿಲಿದೆ, ನೆರಳಲ್ಲಿ ನಡಿ ಮಗಳೇ ಅಂದರು.

ಆಮೇಲಿನ ದಿನಗಳು ಹೇಗೆ ಕಳೆದವು ಅಂದರೆ, ಕೆಂಡವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ ಹಾಗೆ. ಕಂಟ್ರಾಕ್ಟರು ದಿನಕ್ಕೆ ಎರಡು ಸುತ್ತು ಬೇಕೆಂದ, ಮೂರಾಯಿತು. ಎಂಟು ಹಲಗೆ ಹೋಗಿ ಹನ್ನೊಂದಾಯಿತು, ಹದಿನಾಲ್ಕಾಯಿತು. ವರ್ಕ್‌ಶಾಪಿಗೆ ಬಿಡುವ ದಿನ ನಾಳೆ, ನಾಡಿದ್ದು ಅಂತ ಮುಂದೆ ಹೋಯಿತು. ಮಾವ ಏಳುವುದಕ್ಕೆ ಮುಂಚೆ ಗಂಡ ಕಡ್ಡಿಯ ತೂತಿನೊಳಗೆ ಒಂದು ನಳಿಗೆ ಇಳಿಬಿಟ್ಟು ಹೆಚ್ಚಾದದ್ದನ್ನು ಎಳೆದು ತೆಗೆದು ಗೀಟಿಗೆ ಸರಿಮಾಡುತ್ತಿದ್ದ. ಒಳಗೆ ಉಳಿದದ್ದು ನೀರಿನಂತೆ ತೆಳ್ಳಗಿತ್ತು.

ಇನ್ನೊಂದು ಮಾತು ಕೇಳಿ. ಹಳದಿ ದೀಪ ಆರುವವರೆಗೆ ಎಂಜಿನ್ ಆಫ್ ಮಾಡಬಾರದು ಅಂತ ಈಗ ಗಂಡನಿಗೆ ಗೊತ್ತಿತ್ತಲ್ಲ, ಒಂದು ಸಂಜೆ ಹಾಗೇ ಬಿಟ್ಟ. ಒದ್ದೆ ಹಾಸಿಗೆ ಬಟ್ಟೆ ಕೈಯಲ್ಲಿ ಹಿಡಿದು ಅತ್ತೆ ಬಂದರು. ಎರಡು ವರ್ಷದಿಂದ ಹೇಳುತ್ತಿದ್ದೇನೆ, ಇವತ್ತೇನು ಹೊಸದು, ಯಾಕೆ ಆಫ್ ಮಾಡುವುದಿಲ್ಲ ಅಂತ ಜಗ್ಗಿ ಕೇಳಿದರು. ಯಾಕೆ ಅಂತ ಹೇಳಿದರೆ ಎಣ್ಣೆಯ ಗುಟ್ಟು ಹೇಳಬೇಕು. ಮಗ ಅಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೀಲಿ ತಿರುಗಿಸಿ ಆಫ್ ಮಾಡಿದ. ಆಮೇಲೆ ದಿನವೂ ಹಾಗೇ ಮಾಡಿದ. ಒಂದು ಸುಳ್ಳನ್ನು ಸಾಕುವುದಕ್ಕೆ ದಿನಾ ಸಂಜೆ ಎಂಜಿನ್ನಿಗೆ ವಿಷ ಹಾಕಿದ ಹಾಗಾಯಿತು.

ಮಾವ ಈಗ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಗಾಡಿಯ ಹತ್ತಿರ ಹೋಗುತ್ತಿರಲಿಲ್ಲ. ಹೋಗಬೇಡಿ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಕೊಟ್ಟದ್ದು ಉಂಡು, ತಟ್ಟೆ ತಾವೇ ತೊಳೆದಿಟ್ಟು, ತೊಳೆದೆನೋ ಇಲ್ಲವೋ ಅಂತ ಮತ್ತೆ ಹೋಗಿ ನೋಡಿ ಬರುತ್ತಿದ್ದರು. ದೀಪ ಆರಿಸಿದೆನಾ ಅಂತ ಪುಟ್ಟಿಯನ್ನು ಕೇಳುವರು, ಇವತ್ತು ಯಾವ ವಾರ ಅಂತ ಅತ್ತೆಯನ್ನು ಕೇಳುವರು. ವಾರ ಅವರಿಗೆ ಸರಿಯಾಗಿಯೇ ಗೊತ್ತಿರುತ್ತಿತ್ತು, ಆದರೂ ಕೇಳುವರು. ಅತ್ತೆಗೆ ಕರುಣೆ ಬಂದು ಸಿಟ್ಟು ಮಾಡುವುದನ್ನೇ ಬಿಟ್ಟಿದ್ದರು. ಅದು ಇನ್ನೂ ಕೆಟ್ಟದ್ದು. ಬೈಸಿಕೊಂಡು ಬದುಕಿದ ಮನುಷ್ಯನಿಗೆ ಹೆಂಡತಿ ಮೆತ್ತಗೆ ಮಾತಾಡಿದರೆ ಹೆದರಿಕೆಯಾಗದೆ ಇನ್ನೇನಾದೀತು?

ಒಂದು ಮಧ್ಯಾಹ್ನ ಗಾಡಿ ಬಂದು ನಿಂತು, ಗಂಡ ಊಟ ಮುಗಿಸಿ ಮತ್ತೆ ಹೊರಟ. ಸೊಸೆ ಮೊರದಲ್ಲಿ ಬೇಳೆ ಹಿಡಿದು ಕಲ್ಲು ಆರಿಸುತ್ತ ಮೆಟ್ಟಿಲ ಮೇಲೆ ಕೂತಿದ್ದಳು. ಮಾವ ಗಾಡಿ ತಿರುವು ದಾಟುವವರೆಗೆ ಕಿವಿಗೊಟ್ಟು ಕೂತಿದ್ದರು.

"ಮಗಳೇ," ಅಂದರು. "ಎಂಜಿನ್ ಒಳಗೆ ಏನೋ ಬಡೀತಿದೆ. ಟಣ್ ಟಣ್ ಅಂತ, ಆಳದಲ್ಲಿ. ಎರಡು ದಿನದಿಂದ ಕೇಳಿಸ್ತಿದೆ. ನಿನಗೆ ಕೇಳಿಸ್ತಾ?"

ಅವಳಿಗೆ ಮೂರು ದಿನದಿಂದ ಕೇಳಿಸುತ್ತಿತ್ತು. ಹಾಸಿಗೆಯಲ್ಲೂ ಅದೇ ಕಿವಿಯಲ್ಲಿ ಬಡಿಯುತ್ತಿತ್ತು. ಹೇಳಿಬಿಡಲೇ ಅನ್ನಿಸಿ ಬಾಯಿ ತೆರೆದಳು. ಕೆಲಸ ಸಿಕ್ಕಿ ಒಂದು ವಾರವೂ ಆಗಿಲ್ಲ, ಸಹಿ ಹಾಕಿದ ಶಾಯಿ ಆರಿಲ್ಲ, ಈಗ ಏನಂತ ಹೇಳುವುದು?

"ಇಲ್ಲ ಮಾವ," ಅಂದಳು.

ಮಾವ ತಲೆಯಾಡಿಸಿದರು. ಹಾಗಾದರೆ ಅದು ನನ್ನ ತಲೆಯೊಳಗಿನದೇ ಅಂತ ತಮ್ಮಷ್ಟಕ್ಕೆ ಅಂದುಕೊಂಡು ಒಳಗೆ ಹೋದರು. ಅವತ್ತು ಯಾರೂ ನೆನಪು ಮಾಡದೆ ತಾವೇ ಮಾತ್ರೆ ನುಂಗಿದರು. ಸೊಸೆ ಮೊರದ ಬೇಳೆಯನ್ನು ಮೂರು ಸಲ ಆರಿಸಿದರೂ ಊಟದಲ್ಲಿ ಕಲ್ಲು ಸಿಕ್ಕಿತು.

ಅವಳು ಗಂಡನಿಗೆ ದುಂಬಾಲು ಬಿದ್ದಳು. ನಿಮ್ಮ ಗಾಡಿ ಏನಾದರೂ ಆಗಲಿ, ಆ ಇಳಿಜಾರಿನಲ್ಲಿ ಹದಿನಾಲ್ಕು ಹಲಗೆ ಬೆನ್ನಿಗೆ ಕಟ್ಟಿಕೊಂಡು ಇಳಿಯುವಾಗ ಕೈಕೊಟ್ಟರೆ ನನ್ನ ಗತಿ ಏನು ಅಂತ ಅತ್ತಳು. ಶನಿವಾರ ಖಂಡಿತ ಬಿಡುತ್ತೇನೆ ಅಂತ ಗಂಡ ಪುಟ್ಟಿಯ ತಲೆ ಮುಟ್ಟಿ ಹೇಳಿದ.

ಶುಕ್ರವಾರ ಬೆಳಿಗ್ಗೆ ಕಂಟ್ರಾಕ್ಟರು ಮೂರು ಸಲ ಫೋನ್ ಮಾಡಿದ. ಹಿಂದಿನ ಸಂಜೆಯೇ ಹೇರಿ ತಂದ ಹಲಗೆಗಳು ಟ್ರೇಲರಿನ ಮೇಲಿದ್ದವು. ಗಂಡ ಚಹಾವನ್ನು ನಿಂತೇ ಕುಡಿದ. ನಳಿಗೆ ಮುಟ್ಟಲಿಲ್ಲ, ಕಡ್ಡಿ ಎಳೆಯಲಿಲ್ಲ. ಪುಟ್ಟಿ ಶಾಲೆಯ ಚೀಲ ಹೊತ್ತು ಮುಂದಿನ ಸೀಟು ಹತ್ತಿದಳು. ಮಾವ ಆಗಷ್ಟೇ ಎದ್ದು ಬಂದು ಮೆಟ್ಟಿಲ ಮೇಲೆ ಕೂತಿದ್ದರು.

ಗಂಡ ಗಾಡಿ ಶುರು ಮಾಡಿ, ಟ್ರೇಲರಿನ ಹಗ್ಗ ಬಿಗಿಯಾಗಿದೆಯೇ ನೋಡಲು ಇಳಿದ. ಎಂಜಿನ್ನಿನ ಸದ್ದು ಸ್ವಲ್ಪ ಏರಿತು. ಅವನು ತಿರುಗಿ ನೋಡಿದ. ಪುಟ್ಟಿ ಏನನ್ನೂ ಮುಟ್ಟಿರಲಿಲ್ಲ, ತೊಡೆಯ ಮೇಲೆ ಕೈಯಿಟ್ಟು ಕೂತಿದ್ದಳು. ಸದ್ದು ಇನ್ನೂ ಏರಿತು. ಏರುತ್ತಲೇ ಹೋಯಿತು. ಹಿಂದಿನಿಂದ ಬಿಳಿ ಹೊಗೆ ಹೊರಟು, ಗೇಟು, ತಂತಿ, ಬಟ್ಟೆ ಯಾವುದೂ ಕಾಣದ ಹಾಗಾಯಿತು. ಗಂಡ ಓಡಿ ಹೋಗಿ ಕೀಲಿ ತಿರುಗಿಸಿದ. ನಿಲ್ಲಲಿಲ್ಲ. ಕೀಲಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಎಂಜಿನ್ನು ಕೀಲಿ ಕಿತ್ತ ಮೇಲೆ ಇನ್ನೂ ಜೋರಾಗಿ ಅರಚಿತು. ಇಡೀ ಗಾಡಿ ಗಡಗಡ ನಡುಗುತ್ತಿತ್ತು.

ಸೊಸೆ ಹೊಗೆಯೊಳಗೆ ನುಗ್ಗಿ ಬಾಗಿಲು ತೆಗೆದು ಪುಟ್ಟಿಯನ್ನು ಎಳೆದುಕೊಂಡಳು. ಮಗುವನ್ನು ಅತ್ತೆಯ ಮೈಮೇಲೆ ದೂಡಿ ಮಾವನ ಹತ್ತಿರ ಓಡಿದಳು. ಇದನ್ನು ನಿಲ್ಲಿಸುವುದು ಗೊತ್ತಿದ್ದರೆ ಆ ಬೀದಿಯಲ್ಲಿ ಅವರೊಬ್ಬರಿಗೇ ಗೊತ್ತಿರಬೇಕು. ಅವರು ಕದಲದೆ ಕೂತಿದ್ದರು. ಅಂಗಳದ ಕಡೆ ನೋಡುತ್ತಲೂ ಇರಲಿಲ್ಲ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನೆಲ ನೋಡುತ್ತಿದ್ದರು. ಅವಳು ಕೈಗಳನ್ನು ಹಿಡಿದು ಬಿಡಿಸಿದಳು.

"ಮಾವ, ಹೇಗೆ ನಿಲ್ಲಿಸೋದು? ಹೇಳಿ."

"ಗಾಳಿ ಕಟ್ಟಬೇಕು," ಅಂದರು ಮಾವ. ಆ ಗದ್ದಲದಲ್ಲಿ ಅವಳಿಗೆ ತುಟಿಯ ಮೇಲೆ ಕಂಡಷ್ಟೇ. "ಒದ್ದೆ ಚೀಲ ಮಡಿಸಿ, ಗಾಳಿ ಎಳೆಯೋ ಬಾಯಿಗೆ..." ಅಷ್ಟರಲ್ಲೇ ಮಾತು ನಿಲ್ಲಿಸಿದರು. ಮುಖ ಸಪ್ಪಗಾಯಿತು. "ನನ್ನ ಮಾತು ನಂಬಬೇಡ ಮಗಳೇ. ಅವನನ್ನೇ ಕೇಳು."

"ಎಣ್ಣೆ ನೀವು ಹಾಕಿಲ್ಲ ಮಾವ. ನೀವು ಹಾಕಿಲ್ಲ," ಅಂತ ಅವಳು ಅವರ ಮುಖದ ಹತ್ತಿರ ಕಿರುಚಿದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಆಗ ಒಳಗಿಂದ ಭಾರಿ ಸುತ್ತಿಗೆಯಿಂದ ಹೊಡೆದ ಹಾಗೆ ಒಂದು ಏಟು. ಎಂಜಿನ್ನಿನ ಪಕ್ಕೆ ಒಡೆದು, ಅಂಗೈಯಗಲದ ಕಬ್ಬಿಣದ ಚೂರು ಹಾರಿ ಅಂಗಳದ ಗೋಡೆಗೆ ಬಡಿಯಿತು. ಬಾನೆಟ್ ಎತ್ತಲು ಹೋಗಿದ್ದ ಗಂಡ ತೋಳು ಹಿಡಿದುಕೊಂಡು ಹಿಂದಕ್ಕೆ ಬಿದ್ದ. ಬಿಸಿ ಎಣ್ಣೆ ಮೊಳಕೈವರೆಗೂ ಸುರಿದಿತ್ತು. ಆಮೇಲೆ ಸದ್ದೇ ಇಲ್ಲ. ಅಕ್ಕಪಕ್ಕದವರು ಗೇಟಿನಲ್ಲಿ ಬಂದು ನಿಂತಿದ್ದರು. ಪುಟ್ಟಿ ಅಜ್ಜಿಯ ಸೆರಗಿನಲ್ಲಿ ಬಿಕ್ಕುತ್ತಿದ್ದಳು.

ಮಾವ ಸೊಸೆಯ ಮುಖವನ್ನೇ ನೋಡುತ್ತಿದ್ದರು.

"ನಿಂತಿತಾ?" ಅಂದರು. "ಇಲ್ಲ, ನನಗೆ ಕೇಳಿಸೋದು ನಿಂತಿತಾ?"

ಅವಳಿಗೆ ಅಲ್ಲೇ ನೆಲಕ್ಕೆ ಇಳಿದು ಹೋಗಬೇಕೆನ್ನಿಸಿತು. ನಿಂತಿತು ಮಾವ, ಎಂಜಿನ್ನೇ ಒಡೆಯಿತು ಅಂದಳು. ನೀವು ಕೇಳಿದ ಬಡಿತ ನಿಜ, ನನಗೂ ಕೇಳಿಸಿತ್ತು, ಸುಳ್ಳು ಹೇಳಿದೆ ಅಂದಳು. ಏರಿದ್ದು ಡೀಸೆಲ್ಲು, ನೀವು ಒಂದು ತೊಟ್ಟು ಎಣ್ಣೆಯನ್ನೂ ಹಾಕಿಲ್ಲ, ನಿಮಗೆ ಯಾವ ಮರೆವೂ ಇಲ್ಲ ಅಂದಳು. ಗಂಡ ತೋಳು ಹಿಡಿದುಕೊಂಡೇ, ಈಗ ಯಾಕೆ ಇದೆಲ್ಲ ಅಂತ ನರಳಿದ. ಅತ್ತೆ ಮಗನನ್ನೊಮ್ಮೆ ಸೊಸೆಯನ್ನೊಮ್ಮೆ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡರು.

ಮಾವ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

"ನಿಮಗೆ ಯಾವತ್ತು ಗೊತ್ತಾಯ್ತು?"

"ಹನ್ನೊಂದು ದಿನ ಆಯ್ತು ಮಾವ."

"ಸೋಮವಾರ," ಅಂದರು ಮಾವ. "ನಾನು ಸಹಿ ಹಾಕಿದ್ದು ಹೋದ ವಾರದ ಬುಧವಾರ. ಒಂಬತ್ತು ದಿನ. ಅಂದ್ರೆ ಸಹಿಗೆ ಎರಡು ದಿನ ಮುಂಚೆನೇ ಗೊತ್ತಿತ್ತು. ಸರಿಯಾಗಿ ಹೇಳಿದೆನಾ?"

"ಸರಿಯಾಗೇ ಹೇಳಿದ್ರಿ," ಅಂದಳು ಸೊಸೆ.

ಮಾವ ಅವಳ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆಯ ಸೆರಗಿನಿಂದ ಪುಟ್ಟಿಯನ್ನು ಹತ್ತಿರ ಕರೆದು, ಅದೇ ಸೋಮವಾರ, ಅದೇ ಬುಧವಾರ ಹೇಳಿ, ಸಹಿಗೆ ಎರಡು ದಿನ ಮುಂಚೆ ಅಂತ ತಾತ ಎಣಿಸಿದ್ದು ಸರಿಯಿದೆಯಾ ನೋಡಿ ಹೇಳು ಅಂದರು. ಪುಟ್ಟಿ ಕಣ್ಣು ಒರೆಸಿಕೊಂಡು, ಒಂದೊಂದೇ ಬೆರಳು ಮಡಿಸಿ ಎಣಿಸಿದಳು. ತಾತ ಅವಳ ಬೆರಳುಗಳನ್ನೇ ನೋಡುತ್ತಿದ್ದರು.

"ಸರಿಯಿದೆ ತಾತ," ಅಂದಳು ಪುಟ್ಟಿ. "ಎರಡೇ."